ಬೆಳವಣಿಗೆ ಜೋರಾದರೆ ಬೆಲೆಯೂ ಏರಲೇಬೇಕಾ?

2007ರಲ್ಲಿ ವಿಯೆಟ್ನಾಂ ಆರ್ಥಿಕತೆ ಸುಮಾರು ಶೇ 7ರಷ್ಟು ಬೆಳೆಯಿತು. ಮರುವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಹಣದುಬ್ಬರ ಶೇ 28 ದಾಟಿತ್ತು. 2018 ಮತ್ತು 2019ರಲ್ಲೂ ಆ ದೇಶ ಹೆಚ್ಚುಕಡಿಮೆ ಅದೇ ವೇಗದಲ್ಲಿ ಬೆಳೆಯಿತು. ಆಗ ಹಣದುಬ್ಬರ ಶೇ 4ರ ಒಳಗೇ ಇತ್ತು. ಚೀನಾದ ಲೆಕ್ಕ ಇನ್ನೂ ವಿಚಿತ್ರ. 1994ರಲ್ಲಿ ಅಲ್ಲಿ ಗ್ರಾಹಕ ಬೆಲೆಗಳು ಶೇ 24.1ರಷ್ಟು ಏರಿದವು. ಮೂರೇ ವರ್ಷದಲ್ಲಿ ಆ ದರ ಶೇ 2.8ಕ್ಕೆ ಇಳಿಯಿತು. ಬೆಳವಣಿಗೆ ಮಾತ್ರ ಆಗಲೂ ಶೇ 9ರ ಮೇಲೆಯೇ ಇತ್ತು.

ಬೆಳೆಯುವ ದೇಶದಲ್ಲಿ ಬೆಲೆ ಏರುವುದು ಸಹಜ ಎನ್ನುವುದು ಹಣಕಾಸು ಮಂತ್ರಿಗಳಿಗೆ ಬಹಳ ಇಷ್ಟವಾದ ಮಾತು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಶೇ 5-6ರ ಏರಿಕೆಗೆ ಅದು ಕಾರಣವಾಗಬಹುದೇ ಹೊರತು ಶೇ 20-25ಕ್ಕಲ್ಲ. ವಿರೋಧ ಪಕ್ಷಗಳಿಗೆ ಇಷ್ಟವಾದ ಮಾತು ಬೇರೆ: ಸರ್ಕಾರ ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟಿತು, ಅದಕ್ಕೇ ಬೆಲೆ ಏರಿತು. ಅದೂ ಪೂರ್ತಿ ನಿಜವಲ್ಲ. ಬೇರೆ ಬೇರೆ ದೇಶಗಳ ಕಥೆ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಮೂರನೆಯ ಒಂದು ಕಾರಣ. ಬೆಲೆಗಳಿಗೆ ಹಾಕಿದ್ದ ಬೀಗ ತೆಗೆದರು. ವಿದೇಶಿ ಹಣಕ್ಕೆ ಬಾಗಿಲು ತೆರೆದರು. ಆದರೆ ಸಾಲ ಯಾರಿಗೆ ಕೊಡಬೇಕು, ತೀರಿಸದಿದ್ದರೆ ಏನಾಗಬೇಕು ಎನ್ನುವ ಹಳೇ ಪದ್ಧತಿಯನ್ನು ಮುಟ್ಟಲಿಲ್ಲ. ಅರ್ಧಕ್ಕೆ ನಿಂತ ಈ ಸುಧಾರಣೆಯೇ ದೊಡ್ಡ ಹಣದುಬ್ಬರದ ತವರು.

ಜಿಗಿತ ಬೇರೆ, ಓಟ ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಇದು ಗೊತ್ತಾಗದೆ ಎಷ್ಟೋ ಚರ್ಚೆಗಳು ದಾರಿ ತಪ್ಪುತ್ತವೆ.

ಸರ್ಕಾರವೇ ಬೆಲೆ ನಿಗದಿ ಮಾಡುವ ವ್ಯವಸ್ಥೆಯಲ್ಲಿ ಹಣದುಬ್ಬರ ಇರುವುದಿಲ್ಲ ಅಂತಲ್ಲ. ಅದು ಅಂಕಿಅಂಶದಲ್ಲಿ ಕಾಣುವುದಿಲ್ಲ, ಅಷ್ಟೇ. ಸಾಲುಗಳಲ್ಲಿ ಕಾಣುತ್ತದೆ, ಖಾಲಿ ಕಪಾಟುಗಳಲ್ಲಿ ಕಾಣುತ್ತದೆ, ಕಾಳಸಂತೆಯಲ್ಲಿ ಕಾಣುತ್ತದೆ. ಜನರ ಕೈಯಲ್ಲಿ ದುಡ್ಡಿರುತ್ತದೆ, ಕೊಳ್ಳೋಕೆ ಸಾಮಾನಿರುವುದಿಲ್ಲ. ಬೇರೆ ದಾರಿಯಿಲ್ಲದೆ ಕೂಡಿಟ್ಟ ಆ ಹಣ ವರ್ಷವರ್ಷವೂ ಜಾಸ್ತಿಯಾಗುತ್ತಾ ಹೋಗುತ್ತದೆ. ನಿಯಂತ್ರಣ ತೆಗೆದ ದಿನ ಅದೆಲ್ಲಾ ಒಟ್ಟಿಗೆ ಹೊರಬರುತ್ತದೆ. 1990ರ ಜನವರಿಯಲ್ಲಿ ಪೋಲೆಂಡ್ ಬಹುತೇಕ ಬೆಲೆಗಳನ್ನು ಒಂದೇ ಏಟಿಗೆ ಮುಕ್ತಗೊಳಿಸಿತು. ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇ 80ರ ಹತ್ತಿರ ಏರಿದವು. ಮಾರ್ಚ್ ಹೊತ್ತಿಗೆ ತಿಂಗಳ ಏರಿಕೆ ಶೇ 4-5ಕ್ಕೆ ಬಂದಿತ್ತು. ಖಾಲಿ ಇದ್ದ ಅಂಗಡಿಗಳು ತುಂಬತೊಡಗಿದ್ದವು.

ಇದು ಜಿಗಿತ. ಒಮ್ಮೆ ಆಗುತ್ತದೆ, ನೋವು ಕೊಡುತ್ತದೆ, ಮುಗಿಯುತ್ತದೆ. ಯಾವುದು ನಿಜವಾಗಿ ಎಷ್ಟು ವಿರಳ ಎಂಬುದು ಬೆಲೆಯಲ್ಲಿ ಕಾಣಿಸಬೇಕಾದರೆ ಇಂಥ ಜಿಗಿತ ಬೇಕೇ ಬೇಕು. ಆದರೆ ಅದೇ ಪೋಲೆಂಡ್‌ನ ವಾರ್ಷಿಕ ಹಣದುಬ್ಬರ ಒಂದಂಕಿಗೆ ಇಳಿಯಲು ಆ ದಶಕದ ಕೊನೆಯವರೆಗೂ ಕಾಯಬೇಕಾಯಿತು. ಜಿಗಿತ ಮುಗಿದ ಮೇಲೂ ಬೆಲೆ ಓಡುತ್ತಲೇ ಇದ್ದರೆ, ಬೀಗ ತೆಗೆದದ್ದನ್ನು ದೂರಿ ಪ್ರಯೋಜನವಿಲ್ಲ. ಓಡಲು ಪ್ರತಿ ತಿಂಗಳೂ ಹೊಸ ಹಣ ಬೇಕು. ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಜಿಗಿತಕ್ಕೆ ಹೆದರಿ ನಿಧಾನವಾಗಿ ಹೋಗುವ ದಾರಿಯೂ ಇದೆ. 1980ರ ದಶಕದಲ್ಲಿ ಚೀನಾ ಹಾಗೇ ಮಾಡಿತು. ಒಂದೇ ಕಲ್ಲಿದ್ದಲಿಗೆ, ಒಂದೇ ಉಕ್ಕಿಗೆ ಎರಡೆರಡು ಬೆಲೆ. ಯೋಜನೆಯ ಕೋಟಾಕ್ಕೆ ಸರ್ಕಾರಿ ಬೆಲೆ, ಅದಕ್ಕಿಂತ ಹೆಚ್ಚು ಉತ್ಪಾದಿಸಿದ್ದಕ್ಕೆ ಮಾರುಕಟ್ಟೆ ಬೆಲೆ. ಉಪಾಯ ಚೆನ್ನಾಗಿಯೇ ಇತ್ತು, ಉತ್ಪಾದನೆಯೂ ಹೆಚ್ಚಿತು. ಆದರೆ ಅಧಿಕಾರಿಗಳ ನಂಟಿದ್ದವರು ಅಗ್ಗದಲ್ಲಿ ತೆಗೆದು ದುಬಾರಿಗೆ ಮಾರಿ ಹಣ ಮಾಡಿದರು. ಜನ ರೊಚ್ಚಿಗೆದ್ದರು. 1988ರ ಆಗಸ್ಟ್‌ನಲ್ಲಿ ಸರ್ಕಾರ ಉಳಿದ ಬೆಲೆಗಳನ್ನೂ ಬಿಡುತ್ತೇವೆ ಎಂಬ ಸೂಚನೆ ಕೊಟ್ಟಿತು. ಇನ್ನೂ ಏನೂ ಜಾರಿಯಾಗಿರಲಿಲ್ಲ, ಬರೀ ಸುದ್ದಿ. ಜನ ಬ್ಯಾಂಕಿನಿಂದ ದುಡ್ಡು ತೆಗೆದು ಕಣ್ಣಿಗೆ ಬಿದ್ದದ್ದನ್ನೆಲ್ಲಾ ಖರೀದಿಸಿದರು. ತಿಂಗಳು ತುಂಬುವುದರೊಳಗೆ ಸರ್ಕಾರ ಹಿಂದೆ ಸರಿಯಿತು. ಆ ವರ್ಷದ ಹಣದುಬ್ಬರ ಶೇ 18.8.

ಆ ಗಾಬರಿಗೆ ಮದ್ದಾದದ್ದು ಒಂದು ಸಣ್ಣ ಕ್ರಮ. ಅದೇ ಸೆಪ್ಟೆಂಬರ್‌ನಿಂದ ಮೂರು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಅವಧಿಯ ಠೇವಣಿಗಳ ಬಡ್ಡಿಯನ್ನು ಹಣದುಬ್ಬರಕ್ಕೆ ಜೋಡಿಸಿದರು. ಬೆಲೆ ಎಷ್ಟು ಏರಿದರೂ ನಿಮ್ಮ ಉಳಿತಾಯ ಕರಗುವುದಿಲ್ಲ ಎಂಬ ಭರವಸೆ. ಹಣ ಬ್ಯಾಂಕಿಗೆ ವಾಪಸ್ ಬಂತು. ಬೆಲೆ ನಿಯಂತ್ರಣದ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಪ್ರಸಂಗವನ್ನು ಯಾಕೆ ಇಷ್ಟು ಬೇಗ ದಾಟಿ ಹೋಗುತ್ತಾರೋ ಗೊತ್ತಿಲ್ಲ. ಬೆಲೆ ಏರುತ್ತದೆ ಎಂದು ಜನ ನಂಬಿದರೆ ಸಾಕು, ಅದು ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ.

ಡಾಲರ್ ಬಂದ ಖುಷಿ

ಸುಧಾರಣೆ ಯಶಸ್ವಿಯಾಗುತ್ತಿದೆ ಎಂದು ಹೊರಗಿನವರಿಗೆ ಅನ್ನಿಸಿದಾಗ ವಿದೇಶಿ ಹಣ ಹರಿದು ಬರುತ್ತದೆ. ಯಾರಿಗೆ ತಾನೇ ಬೇಡ? ತೊಂದರೆ ಶುರುವಾಗುವುದು ಕೇಂದ್ರ ಬ್ಯಾಂಕಿನ ಬಾಗಿಲಲ್ಲಿ.

ವಿಯೆಟ್ನಾಂ 2007ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಷೇರುಪೇಟೆ ಗಗನಕ್ಕೇರಿತು. ನೂರಾರು ಕೋಟಿ ಡಾಲರ್ ಒಳಗೆ ಬಂತು. ಡಾಲರ್ ಜಾಸ್ತಿ ಬಂದರೆ ಸ್ಥಳೀಯ ನಾಣ್ಯ ಡಾಂಗ್‌ನ ಮೌಲ್ಯ ಏರಬೇಕು. ಹಾಗಾದರೆ ರಫ್ತು ಮಾಡುವವರಿಗೆ ಪೆಟ್ಟು. ಆದ್ದರಿಂದ ಕೇಂದ್ರ ಬ್ಯಾಂಕ್ ಡಾಲರ್‌ಗಳನ್ನು ತಾನೇ ಕೊಂಡು ಬದಲಿಗೆ ಡಾಂಗ್ ಬಿಡುಗಡೆ ಮಾಡಿತು. ವಿನಿಮಯ ದರವೇನೋ ಅಲ್ಲಾಡಲಿಲ್ಲ. ಹೊಸದಾಗಿ ಹುಟ್ಟಿದ ಡಾಂಗ್ ಮಾತ್ರ ಬ್ಯಾಂಕುಗಳಿಗೆ ಹೋಯಿತು, ಅಲ್ಲಿಂದ ಸಾಲವಾಗಿ ಹೊರಬಿತ್ತು. ಆ ಒಂದು ವರ್ಷದಲ್ಲಿ ಬ್ಯಾಂಕ್ ಸಾಲ ಶೇ 50ಕ್ಕೂ ಹೆಚ್ಚು ಬೆಳೆಯಿತು. ಸರಕು, ಸೇವೆಗಳ ಉತ್ಪಾದನೆ ಬೆಳೆದದ್ದು ಶೇ 7. ಉಳಿದ ಸಾಲದ ಹಣ ಎಲ್ಲಿಗೆ ಹೋಯಿತು? ಜಮೀನಿಗೆ, ಷೇರಿಗೆ, ಆಮದಿಗೆ, ಕೊನೆಗೆ ಎಲ್ಲ ಬೆಲೆಗಳಿಗೂ.

ಇದಕ್ಕೆ ಪುಸ್ತಕದಲ್ಲಿ ಪರಿಹಾರ ಇದೆ. ಡಾಲರ್ ಕೊಳ್ಳಲು ಬಿಟ್ಟ ಹಣವನ್ನು ಬಾಂಡ್ (ಸಾಲಪತ್ರ) ಮಾರಿ ಮತ್ತೆ ಹೀರಿಕೊಳ್ಳಬೇಕು. ಅದಕ್ಕೆ ಬಾಂಡ್ ಮಾರುಕಟ್ಟೆ ಬೇಕು, ಆ ಬಾಂಡ್‌ಗಳಿಗೆ ಬಡ್ಡಿ ಕೊಡಬೇಕು. ಸುಧಾರಣೆಯ ಆರಂಭದಲ್ಲಿರುವ ದೇಶಗಳಲ್ಲಿ ಆ ಮಾರುಕಟ್ಟೆಯೇ ಬೆಳೆದಿರುವುದಿಲ್ಲ. 2008ರ ಮಾರ್ಚ್‌ನಲ್ಲಿ ವಿಯೆಟ್ನಾಂ ಬ್ಯಾಂಕುಗಳಿಗೆ ಕಡ್ಡಾಯವಾಗಿ ಬಾಂಡ್ ಹಂಚಿ ಒಂದೇ ಸಲಕ್ಕೆ 20 ಲಕ್ಷ ಕೋಟಿ ಡಾಂಗ್‌ಗೂ ಹೆಚ್ಚು ಹಣ ಹೀರಿಕೊಂಡಿತು. ಅದಕ್ಕೂ ಮುಂಚಿನಿಂದಲೇ ನಗದಿಗೆ ಪರದಾಡುತ್ತಿದ್ದ ಸಣ್ಣ ಬ್ಯಾಂಕುಗಳು ಠೇವಣಿಗಾಗಿ ಕಿತ್ತಾಡಿ ಬಡ್ಡಿ ದರವನ್ನು ಮೇಲಕ್ಕೆ ಎಳೆದವು. ಹೆಚ್ಚಾದದ್ದು ಹಣ, ಪೆಟ್ಟು ಬಿದ್ದದ್ದು ವಿಶ್ವಾಸಕ್ಕೆ.

1994ರ ಚೀನಾದಲ್ಲೂ ಹೀಗೇ ಆಗಿತ್ತು. ಆ ವರ್ಷದ ಮೊದಲ ದಿನ ಅದು ತನ್ನ ಎರಡು ವಿನಿಮಯ ದರಗಳನ್ನು, ಅಂದರೆ ಅಧಿಕೃತ ದರ ಮತ್ತು ಮಾರುಕಟ್ಟೆ ದರವನ್ನು, ಒಂದು ಮಾಡಿತು. ಡಾಲರ್‌ಗೆ 5.8 ಯುವಾನ್ ಇದ್ದ ಅಧಿಕೃತ ದರ 8.7ಕ್ಕೆ ಹೋಯಿತು. ರಫ್ತು ನುಗ್ಗಿತು. ವಿದೇಶಿ ವಿನಿಮಯ ಸಂಗ್ರಹ ಒಂದೇ ವರ್ಷದಲ್ಲಿ ಸುಮಾರು 2,100 ಕೋಟಿ ಡಾಲರ್‌ನಿಂದ 5,100 ಕೋಟಿ ಡಾಲರ್ ದಾಟಿತು. ಅಷ್ಟೂ ಡಾಲರ್‌ಗೆ ಬದಲಾಗಿ ಯುವಾನ್ ಹೊರಬಂತು.

ನಷ್ಟ ಯಾರ ಲೆಕ್ಕಕ್ಕೆ?

ಡಾಲರ್ ಹರಿವು ಎಷ್ಟೋ ದೇಶಗಳಿಗೆ ಬರುತ್ತದೆ. ಎಲ್ಲ ಕಡೆಯೂ ಶೇ 20ರ ಹಣದುಬ್ಬರ ಬರುವುದಿಲ್ಲ. ವ್ಯತ್ಯಾಸ ಇರುವುದು ಸಾಲ ಪಡೆಯುವವರಲ್ಲಿ.

ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಸಮಾಜವಾದಿ ವ್ಯವಸ್ಥೆಯ ಉದ್ಯಮಗಳನ್ನು ನೋಡಿ ಒಂದು ವಿಷಯ ಗುರುತಿಸಿದ್ದರು. ಸರ್ಕಾರಿ ಕಾರ್ಖಾನೆಗೆ ನಷ್ಟವಾದರೆ ಅದು ಮುಚ್ಚುವುದಿಲ್ಲ. ಯಾರೋ ಬಂದು ಉಳಿಸುತ್ತಾರೆ. ಸಬ್ಸಿಡಿ ಬರುತ್ತದೆ, ತೆರಿಗೆ ಮಾಫಿಯಾಗುತ್ತದೆ, ಹಳೆ ಸಾಲ ತೀರಿಸಲು ಹೊಸ ಸಾಲ ಸಿಗುತ್ತದೆ. ಇದು ಗೊತ್ತಿರುವ ಮ್ಯಾನೇಜರ್ ಯಾಕೆ ಕೈ ಹಿಡಿದು ಖರ್ಚು ಮಾಡುತ್ತಾನೆ? ಬಡ್ಡಿ ಏರಿಸಿದರೂ ಅವನ ಸಾಲದ ಬೇಡಿಕೆ ತಗ್ಗುವುದಿಲ್ಲ. ತೀರಿಸುವವನಿಗೆ ಮಾತ್ರ ಬಡ್ಡಿಯ ಬಿಸಿ ಮುಟ್ಟೋದು.

ಮಾರುಕಟ್ಟೆಯನ್ನು ತೆರೆದ ಮೇಲೂ ಈ ಅಭ್ಯಾಸ ಉಳಿದರೆ ಪರಿಸ್ಥಿತಿ ಮೊದಲಿಗಿಂತ ಹದಗೆಡುತ್ತದೆ. ಮುಂಚೆ ಖರ್ಚಿಗೆ ಯೋಜನಾ ಮಂಡಳಿಯಾದರೂ ಒಂದು ಮಿತಿ ಹಾಕುತ್ತಿತ್ತು. ಈಗ ಮಂಡಳಿಯ ಹಿಡಿತವೂ ಇಲ್ಲ, ದಿವಾಳಿಯ ಭಯವೂ ಇಲ್ಲ. 1992ರ ಆರಂಭದಲ್ಲಿ ಚೀನಾದ ಹಿರಿಯ ನಾಯಕ ಡೆಂಗ್ ಷಿಯಾವೊಪಿಂಗ್ ದಕ್ಷಿಣ ಪ್ರಾಂತ್ಯಗಳ ಪ್ರವಾಸ ಮಾಡಿ ಸುಧಾರಣೆಗೆ ಮತ್ತೆ ಹಸಿರು ನಿಶಾನೆ ತೋರಿಸಿದರು. ಪ್ರತಿ ಪ್ರಾಂತ್ಯಕ್ಕೂ, ಪ್ರತಿ ನಗರಕ್ಕೂ ತನ್ನದೇ ಅಭಿವೃದ್ಧಿ ವಲಯ ಬೇಕಾಯಿತು. ಸ್ಥಳೀಯ ನಾಯಕರು ಸ್ಥಳೀಯ ಬ್ಯಾಂಕ್ ಶಾಖೆಗಳ ಮೇಲೆ ಒತ್ತಡ ಹಾಕಿದರು. 1993ರಲ್ಲಿ ಕಟ್ಟಡ, ಯಂತ್ರ ಮುಂತಾದವುಗಳ ಮೇಲಿನ ಹೂಡಿಕೆ ಶೇ 60ಕ್ಕೂ ಹೆಚ್ಚು ಏರಿತು. ಉಕ್ಕು, ಸಿಮೆಂಟ್, ರೈಲು ವ್ಯಾಗನ್ ಯಾವುದೂ ಸಾಲಲಿಲ್ಲ.

ಅದೇ ಹೊತ್ತಿಗೆ ಸರ್ಕಾರದ ಆದಾಯ ಕುಸಿಯುತ್ತಿತ್ತು. ಈ ಅಂಶ ಹೊರಗಿನಿಂದ ಅಷ್ಟಾಗಿ ಕಾಣುವುದಿಲ್ಲ. ಹಳೆ ವ್ಯವಸ್ಥೆಯಲ್ಲಿ ಸರ್ಕಾರಿ ಉದ್ಯಮಗಳ ಲಾಭವೇ ಖಜಾನೆಯ ಮುಖ್ಯ ಮೂಲ. ಪೈಪೋಟಿ ಬಂದಾಗ ಆ ಲಾಭ ಕರಗಿತು. ಹೊಸ ಖಾಸಗಿ ಉದ್ಯಮಗಳಿಂದ ತೆರಿಗೆ ವಸೂಲಿ ಮಾಡುವ ವ್ಯವಸ್ಥೆ ಇನ್ನೂ ಸಜ್ಜಾಗಿರಲಿಲ್ಲ. 1978ರಲ್ಲಿ ಚೀನಾದ ಜಿಡಿಪಿಯ ಶೇ 30ಕ್ಕೂ ಹೆಚ್ಚಿದ್ದ ಸರ್ಕಾರಿ ಆದಾಯ 1990ರ ದಶಕದ ಮಧ್ಯಕ್ಕೆ ಶೇ 11ರ ಆಸುಪಾಸಿಗೆ ಬಂತು. ಬಜೆಟ್‌ನಿಂದ ಕೊಡಲಾಗದ್ದನ್ನು ಬ್ಯಾಂಕುಗಳಿಂದ ಕೊಡಿಸಿದರು. ಬ್ಯಾಂಕುಗಳ ಕೈ ಖಾಲಿಯಾದರೆ ಕೇಂದ್ರ ಬ್ಯಾಂಕ್ ಇತ್ತು. ಕೇಂದ್ರ ಬ್ಯಾಂಕ್ ಕೊಟ್ಟದ್ದೆಲ್ಲ ಹೊಸದಾಗಿ ಸೃಷ್ಟಿಯಾದ ಹಣ.

ಹಾಗಾಗಿ ಚೀನಾದ ಪರಿಹಾರವೂ ಅಲ್ಲಿಂದಲೇ ಶುರುವಾಯಿತು. 1993ರಲ್ಲಿ ಉಪಪ್ರಧಾನಿ ಝು ರೊಂಗ್‌ಜಿ ಕೇಂದ್ರ ಬ್ಯಾಂಕಿನ ಚುಕ್ಕಾಣಿಯನ್ನೂ ತಾವೇ ಹಿಡಿದರು. ಬೇಕಾಬಿಟ್ಟಿ ಕೊಟ್ಟ ಸಾಲ ವಾಪಸ್ ತರಿಸಲು ಬ್ಯಾಂಕುಗಳಿಗೆ ತಾಕೀತು ಮಾಡಿದರು. 1994ರಲ್ಲಿ ತೆರಿಗೆ ಪದ್ಧತಿಯನ್ನೇ ಬದಲಿಸಿ ಕೇಂದ್ರದ ಪಾಲು ಹೆಚ್ಚಿಸಿದರು. 1995ರ ಕಾಯ್ದೆ ಸರ್ಕಾರಕ್ಕೆ ಕೇಂದ್ರ ಬ್ಯಾಂಕ್ ನೇರವಾಗಿ ಸಾಲ ಕೊಡುವುದನ್ನು ನಿಷೇಧಿಸಿತು. ಶೇ 24ರಿಂದ ಶೇ 2.8ಕ್ಕೆ ಇಳಿದದ್ದರ ಹಿಂದೆ ಇದೆಲ್ಲಾ ಇದೆ. ಭಾರತದಲ್ಲೂ ಸರ್ಕಾರದ ಕೊರತೆಯನ್ನು ರಿಸರ್ವ್ ಬ್ಯಾಂಕ್ ತಾನಾಗಿಯೇ ತುಂಬಿಕೊಡುವ ಪದ್ಧತಿ ನಿಂತದ್ದು 1997ರಲ್ಲಿ. ಅಂದರೆ 1991ರ ಸುಧಾರಣೆ ಶುರುವಾಗಿ ಆರು ವರ್ಷದ ಮೇಲೆ.

ವಿಯೆಟ್ನಾಂ ತಡ ಮಾಡಿತು. 2008ರ ಕೊನೆಯಲ್ಲಿ ಜಗತ್ತಿಗೇ ಆರ್ಥಿಕ ಹಿಂಜರಿತ ಬಂದು ಹಣದುಬ್ಬರ ತಾನಾಗಿಯೇ ಇಳಿಯಿತು. ಸರ್ಕಾರ ಮತ್ತೆ ಅಗ್ಗದ ಸಾಲ ಹಂಚಿತು. ಹಡಗು ಕಟ್ಟುವ ಸರ್ಕಾರಿ ಕಂಪನಿ ವಿನಾಶಿನ್ ಹಡಗಿಗೆ ಸಂಬಂಧವೇ ಇಲ್ಲದ ಹತ್ತಾರು ವ್ಯವಹಾರಗಳಿಗೆ ಕೈ ಹಾಕಿತ್ತು. ಸರ್ಕಾರ 2005ರಲ್ಲಿ ದೇಶದ ಹೆಸರಿನಲ್ಲಿ ಬಾಂಡ್ ಮಾರಿ ತಂದ 75 ಕೋಟಿ ಡಾಲರ್ ಈ ಕಂಪನಿಗೇ ಹೋಗಿತ್ತು. 2010ರ ಡಿಸೆಂಬರ್‌ನಲ್ಲಿ ಅದು ವಿದೇಶಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ಅದರ ತಲೆ ಮೇಲಿದ್ದ ಒಟ್ಟು ಸಾಲ 400 ಕೋಟಿ ಡಾಲರ್‌ಗಿಂತ ಹೆಚ್ಚು. 2011ರ ಆಗಸ್ಟ್‌ಗೆ ಹಣದುಬ್ಬರ ಮತ್ತೆ ಶೇ 23. ಮೂರು ವರ್ಷದಲ್ಲಿ ಎರಡನೇ ಸಲ!

ಊಟದ ಬೆಲೆ, ಸಂಬಳದ ಬೆಲೆ

ಹಣವೇ ಎಲ್ಲ ಅಂದರೂ ತಪ್ಪಾಗುತ್ತದೆ. ಬೇಗ ಬೆಳೆಯುವ ದೇಶದಲ್ಲಿ ಜನರ ಆದಾಯ ಏರಿದ ಕೂಡಲೇ ಊಟದ ತಟ್ಟೆ ಬದಲಾಗುತ್ತದೆ. ಹಾಲು, ಮೊಟ್ಟೆ, ಮಾಂಸ, ಹಣ್ಣಿಗೆ ಬೇಡಿಕೆ ಹೆಚ್ಚುತ್ತದೆ. ಕಾರ್ಖಾನೆಯ ಉತ್ಪಾದನೆಯನ್ನು ವರ್ಷದಲ್ಲಿ ದುಪ್ಪಟ್ಟು ಮಾಡಬಹುದು, ಹಸುಗಳ ಸಂಖ್ಯೆಯನ್ನು ಮಾಡಲಾಗುವುದಿಲ್ಲ. ನೀರಾವರಿ, ಶೀತಲ ಗೋದಾಮು, ರಸ್ತೆ ಎಲ್ಲವೂ ಹಿಂದೆ ಬೀಳುತ್ತವೆ. ಬಡ ದೇಶಗಳ ಬೆಲೆ ಸೂಚ್ಯಂಕದಲ್ಲಿ ಆಹಾರದ ಪಾಲೂ ದೊಡ್ಡದು. 2012ನ್ನು ಮೂಲವರ್ಷವಾಗಿ ಇಟ್ಟುಕೊಂಡ ಭಾರತದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ತೂಕ ಸುಮಾರು ಶೇ 46 ಇತ್ತು. ಅಲ್ಲಿ ಒಂದು ಕೆಟ್ಟ ಮಳೆಗಾಲ ಬಂದರೆ ಇಡೀ ಸೂಚ್ಯಂಕ ನಡುಗುತ್ತದೆ.

ಹೊರಗಿನ ಗಾಳಿಯೂ ಬೀಸುತ್ತದೆ. 2008ರಲ್ಲಿ ಜಗತ್ತಿನ ಅಕ್ಕಿ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಏರಿತು. ವಿಯೆಟ್ನಾಂ ಅಕ್ಕಿ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ಒಂದು. ಆದರೂ ಆ ಏಪ್ರಿಲ್‌ನಲ್ಲಿ ಹೊ ಚಿ ಮಿನ್ ನಗರದ ಜನ ಅಕ್ಕಿಗೆ ಮುಗಿಬಿದ್ದರು. ಹಾಗಂತ ಎಲ್ಲ ತಪ್ಪನ್ನೂ ಜಾಗತಿಕ ಬೆಲೆಯ ಮೇಲೆ ಹಾಕುವಂತಿಲ್ಲ. ಅದೇ ಅಕ್ಕಿ, ಅದೇ ಕಚ್ಚಾ ತೈಲದ ಬೆಲೆಯನ್ನು ಎದುರಿಸಿದ ನೆರೆಯ ಥಾಯ್ಲೆಂಡ್‌ನಲ್ಲಿ ಆ ವರ್ಷದ ಹಣದುಬ್ಬರ ಸುಮಾರು ಶೇ 5.5. ವಿಯೆಟ್ನಾಂನಲ್ಲಿ ಅದರ ನಾಲ್ಕು ಪಟ್ಟು.

ಇನ್ನು, ಮಂತ್ರಿಗಳ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅಂದೆನಲ್ಲ, ಅದು ಇದು. ರಫ್ತು ಕಾರ್ಖಾನೆಯಲ್ಲಿ ಕಾರ್ಮಿಕನ ಉತ್ಪಾದನೆ ಹೆಚ್ಚುತ್ತದೆ, ಸಂಬಳವೂ ಏರುತ್ತದೆ. ಕ್ಷೌರಿಕ, ಶಿಕ್ಷಕ, ಚಾಲಕರ ಉತ್ಪಾದನೆ ಅಷ್ಟು ವೇಗವಾಗಿ ಹೆಚ್ಚಲಾರದು. ಆದರೆ ಅವರಿಗೂ ಸಂಬಳ ಏರಿಸದಿದ್ದರೆ ಅವರು ಆ ಕೆಲಸದಲ್ಲಿ ಉಳಿಯುವುದಿಲ್ಲ. ಹಾಗಾಗಿ ಸೇವೆಗಳ ಬೆಲೆ ಏರುತ್ತದೆ. 1960ರ ದಶಕದ ಜಪಾನ್ ಇದಕ್ಕೆ ಒಳ್ಳೆ ಉದಾಹರಣೆ. ಅಲ್ಲಿ ಸಗಟು ಬೆಲೆಗಳು, ಅಂದರೆ ಸೇವೆಗಳು ಸೇರದ ಸರಕಿನ ಬೆಲೆಗಳು, ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದವು. ಗ್ರಾಹಕ ಬೆಲೆಗಳು ಮಾತ್ರ ವರ್ಷಕ್ಕೆ ಶೇ 5-6ರಷ್ಟು ಏರಿದವು. ಆರ್ಥಿಕತೆ ಶೇ 10ರ ವೇಗದಲ್ಲಿ ಬೆಳೆಯುತ್ತಿತ್ತು, ಜನರ ಬದುಕೂ ಸುಧಾರಿಸುತ್ತಿತ್ತು. ಇಂಥ ಏರಿಕೆಯನ್ನು ಬಲವಂತದಿಂದ ತಡೆಯಲು ಹೋದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಯಾರ ಮೇಲೆ ಬರೆ?

ಹಣದುಬ್ಬರ ಏರಿದಾಗ ಸರ್ಕಾರಗಳಿಗೆ ಮೊದಲು ಹೊಳೆಯುವುದು ಇಂಧನ ಮತ್ತು ವಿದ್ಯುತ್ ಬೆಲೆ ಕಟ್ಟಿಹಾಕುವುದು. ಸೂಚ್ಯಂಕವೇನೋ ತಣ್ಣಗಾಗುತ್ತದೆ. ಆದರೆ ವ್ಯತ್ಯಾಸದ ಹಣವನ್ನು ಯಾರೋ ಕಟ್ಟಬೇಕಲ್ವಾ? ಅದು ಸರ್ಕಾರಿ ತೈಲ ಕಂಪನಿಯ ಸಾಲವಾಗುತ್ತದೆ, ಆಮೇಲೆ ಬಜೆಟ್ ಕೊರತೆಯಾಗುತ್ತದೆ, ಕೊನೆಗೆ ಬೆಲೆಯಾಗಿಯೇ ವಾಪಸ್ ಬರುತ್ತದೆ. ಭಾರತ ಡೀಸೆಲ್ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 2013ರ ಜನವರಿಯಿಂದ ತಿಂಗಳಿಗೆ ಲೀಟರಿಗೆ ಸುಮಾರು 50 ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣ ಪೂರ್ತಿ ತೆಗೆಯಿತು. ಆ ಹೊತ್ತಿಗೆ ಜಾಗತಿಕ ತೈಲ ಬೆಲೆ ಕುಸಿಯುತ್ತಿದ್ದದ್ದು ಅದೃಷ್ಟ. ಆದರೂ ಅದಕ್ಕಿಂತ ಮುಂಚೆಯೇ ಸಣ್ಣ ಹೆಜ್ಜೆಗಳಲ್ಲಿ ಬಹುಪಾಲು ದಾರಿ ಸವೆದಿತ್ತು.

ಇನ್ನೊಂದು ಮದ್ದು ಸಾಲ ಬಿಗಿ ಮಾಡುವುದು. 2011ರ ಫೆಬ್ರುವರಿಯಲ್ಲಿ ವಿಯೆಟ್ನಾಂ ಆ ವರ್ಷದ ಸಾಲದ ಬೆಳವಣಿಗೆ ಶೇ 20ನ್ನು ಮೀರಬಾರದು ಎಂದು ಮಿತಿ ಹಾಕಿತು. ಮದ್ದು ಕೆಲಸ ಮಾಡಿತು. 2012ರ ಕೊನೆಗೆ ಹಣದುಬ್ಬರ ಶೇ 7ರ ಕೆಳಗೆ ಬಂತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬ್ಯಾಂಕಿನಲ್ಲಿ ಪ್ರಭಾವವಿಲ್ಲದ ಸಣ್ಣ ಖಾಸಗಿ ಉದ್ಯಮಗಳಿಗೆ ಸಾಲ ಸಿಗದೆ ಸಾವಿರಾರು ಮುಚ್ಚಿದವು. ದೊಡ್ಡ ಸರ್ಕಾರಿ ಕಂಪನಿಗಳು ಹೇಗೋ ಬಚಾವಾದವು. ಸಾಲ ಬಿಗಿ ಮಾಡಿದ ಬಿಸಿ ಯಾರೂ ಬಂದು ಉಳಿಸದವರಿಗೆ ಮಾತ್ರ ತಟ್ಟುತ್ತದೆ ಎಂಬುದು ಇಲ್ಲೂ ಕಂಡಿತು.

ಈಗ ಈ ಪರೀಕ್ಷೆ ಎದುರಿಸುತ್ತಿರುವ ದೇಶ ಇಥಿಯೋಪಿಯಾ. ಸುಮಾರು ಎರಡು ದಶಕ ಅದು ಆಫ್ರಿಕಾದಲ್ಲೇ ವೇಗವಾಗಿ ಬೆಳೆದ ಆರ್ಥಿಕತೆಗಳಲ್ಲಿ ಒಂದು. ಅಣೆಕಟ್ಟು, ರೈಲು, ಸಕ್ಕರೆ ಕಾರ್ಖಾನೆಗಳನ್ನೆಲ್ಲಾ ಸರ್ಕಾರವೇ ಕಟ್ಟಿತು. ಬಜೆಟ್ ಕೊರತೆಯ ದೊಡ್ಡ ಪಾಲನ್ನು ಕೇಂದ್ರ ಬ್ಯಾಂಕ್ ತುಂಬಿತು. 2022ರಲ್ಲಿ ಹಣದುಬ್ಬರ ಶೇ 30 ದಾಟಿತ್ತು. 2024ರ ಜುಲೈ 29ರಂದು ಅದು ತನ್ನ ನಾಣ್ಯ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರ್‌ಗೆ 57ರ ಆಸುಪಾಸಿದ್ದ ಬಿರ್ ಕೆಲವೇ ವಾರಗಳಲ್ಲಿ 100 ದಾಟಿತು. ಬೆಲೆಗಳು ಸ್ಫೋಟಿಸುತ್ತವೆ ಎಂದು ಹಲವರು ಹೆದರಿದ್ದರು. ಹಾಗಾಗಲಿಲ್ಲ. ವಾರ್ಷಿಕ ಹಣದುಬ್ಬರ ಏರುವ ಬದಲು ಮುಂದಿನ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯಿತು.

ಎರಡು ಕಾರಣ ಕಾಣುತ್ತವೆ. ಬಹಳಷ್ಟು ಆಮದುದಾರರು ಮೊದಲಿನಿಂದಲೂ ಕಾಳಸಂತೆಯ ದರದಲ್ಲೇ ಡಾಲರ್ ಕೊಳ್ಳುತ್ತಿದ್ದರು. ಅಂದರೆ ಅಂಗಡಿಯ ಬೆಲೆಗಳಲ್ಲಿ ಅಪಮೌಲ್ಯದ ದೊಡ್ಡ ಪಾಲು ಮುಂಚೆಯೇ ಸೇರಿಹೋಗಿತ್ತು. ಎರಡನೆಯದು ಮುಖ್ಯ. 2023ರ ಆಗಸ್ಟ್‌ನಲ್ಲೇ ಕೇಂದ್ರ ಬ್ಯಾಂಕ್ ಸಾಲದ ಬೆಳವಣಿಗೆಗೆ ಶೇ 14ರ ಮಿತಿ ಹಾಕಿತ್ತು. ಸರ್ಕಾರಕ್ಕೆ ಕೊಡುವ ನೇರ ಸಾಲವನ್ನೂ ಕಡಿತ ಮಾಡಿತ್ತು. ನಾಣ್ಯ ಬಿಡುವುದಕ್ಕೆ ಒಂದು ವರ್ಷ ಮುಂಚೆ ಹಣದ ಮೂಲ ಬಿಗಿಯಾಗಿತ್ತು.

ಆದರೆ ಸಾಲದ ಮಿತಿ ಎಂಬುದು ತಾತ್ಕಾಲಿಕ ಊರುಗೋಲು. ಒಳ್ಳೆಯ ಉದ್ಯಮಕ್ಕೂ ಕೆಟ್ಟ ಉದ್ಯಮಕ್ಕೂ ಅದು ಒಂದೇ ಬೇಲಿ ಹಾಕುತ್ತದೆ. ಇಂದಲ್ಲ ನಾಳೆ ಅದನ್ನು ತೆಗೆಯಲೇಬೇಕು. ಆ ಹೊತ್ತಿಗೆ ದೇಶದ ಅತಿ ದೊಡ್ಡ ಸರ್ಕಾರಿ ಬ್ಯಾಂಕಿನ ಸಾಲ ಯಾರ ಕಡೆ ಹರಿಯುತ್ತದೆ, ಹಣ ವಾಪಸ್ ಕಟ್ಟದ ಸರ್ಕಾರಿ ಉದ್ಯಮಕ್ಕೆ ಮತ್ತೆ ಸಾಲ ಸಿಗುತ್ತದೋ ಇಲ್ಲವೋ, ಇದನ್ನು ಗಮನಿಸಬೇಕು. ತಿಂಗಳ ಬೆಲೆ ಸೂಚ್ಯಂಕ ಇದನ್ನು ತೋರಿಸುವುದಿಲ್ಲ. ಬ್ಯಾಂಕುಗಳ ಬ್ಯಾಲೆನ್ಸ್ ಶೀಟ್ ತೋರಿಸುತ್ತದೆ, ಅದೂ ಬೆಲೆ ಏರುವುದಕ್ಕೆ ಸಾಕಷ್ಟು ಮೊದಲೇ.